ಗಾಳಿ ಮೊದಲು, ರೈಫಲ್ ಆಮೇಲೆ

ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಝಳಕಿ ದಾಟುವಾಗ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಬಯಲು. ಎರೆ ಹೊಲ, ಬಿಳಿಜೋಳ, ಅಲ್ಲಲ್ಲಿ ನಿಂಬೆ ತೋಟ. ಗಾಳಿಗೆ ಅಡ್ಡ ನಿಲ್ಲುವಂಥದ್ದು ಕಡಿಮೆ. ದೂರದ ಗುರಿಗೆ ರೈಫಲ್ ಹೊಡೆಯುವವರಿಗೆ ಮೊದಲ ಪಾಠ ಹೇಳಲು ಇಂಥ ಜಾಗವೇ ಸರಿ ಎನ್ನುವುದು ನನ್ನ ವಾದ. ಆ ಪಾಠಕ್ಕೆ ರೈಫಲ್ಲೇ ಬೇಕಿಲ್ಲ. ನಮ್ಮಲ್ಲಿ ಶೂಟಿಂಗ್ ಕಲಿಸುವ ಕ್ರಮ ತಿರುವುಮುರುವಾಗಿದೆ: ನಿಲುವು, ಉಸಿರು, ಟ್ರಿಗರ್ ಎಲ್ಲ ಮುಗಿದ ಮೇಲೆ, ವರ್ಷಗಳು ಕಳೆದು, ಗಾಳಿಯ ಪಾಠ ಬರುತ್ತದೆ.

ತಡವಾದರೆ ಏನಾಗುತ್ತದೆ ಎನ್ನುವುದನ್ನು ಲೆಕ್ಕವೇ ಹೇಳುತ್ತದೆ. ಸಾವಿರ ಗಜದ ಪಂದ್ಯದಲ್ಲಿ .308 ರೈಫಲ್‌ನ ಗುಂಡು ಗುರಿ ಮುಟ್ಟಲು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಅಷ್ಟರಲ್ಲಿ ಅದನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ಗುರಿಯ ನಡುವಿನ ಬುಲ್‌ನ ಅಗಲವೋ 60 ಸೆಂ.ಮೀ. ಆಸುಪಾಸು. ಅಂದರೆ ಗಾಳಿಯ ಅಂದಾಜು ಗಂಟೆಗೆ ಎರಡು-ಮೂರು ಕಿ.ಮೀ. ತಪ್ಪಿದರೆ ಸಾಕು, ಕೈ ಎಷ್ಟೇ ಗಟ್ಟಿಯಾಗಿದ್ದರೂ ಹೊಡೆತ ಬುಲ್‌ನಾಚೆ ಬೀಳುತ್ತದೆ. ಗಾಳಿಯ ಕೋನವನ್ನೂ ಬಿಡುವಂತಿಲ್ಲ. ಗುಂಡಿನ ದಾರಿಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಅರ್ಧ ಪರಿಣಾಮ, 45 ಡಿಗ್ರಿಗೆ ಸುಮಾರು ಶೇ. 70.

ಗಾಳಿಯನ್ನು ಓದಲು ಬಳಕೆಯಲ್ಲಿರುವ ಉಪಾಯಗಳೆಲ್ಲ ಒಂದೇ ತೂಕದವಲ್ಲ. ಅಂಗೈಯಲ್ಲಿ ಹಿಡಿಯುವ ಗಾಳಿಮಾಪಕಕ್ಕೆ ಹೊಸಬರು ಮಾರುಹೋಗುತ್ತಾರೆ. ಅದು ಹೇಳುವುದು ನಿಂತ ಜಾಗದ ಗಾಳಿಯನ್ನು ಮಾತ್ರ. ಬಂದೂಕಿನ ಬಾಯಿಯ ಹತ್ತಿರ ತಾಗಿದ ಗಾಳಿ ಗುಂಡಿನ ದಿಕ್ಕನ್ನು ಮುಂದಿನ ದಾರಿಯುದ್ದಕ್ಕೂ ಕೆಡಿಸುತ್ತದೆ ನಿಜ, ಆದರೆ ನಡುದಾರಿಯಲ್ಲಿ ಗಾಳಿ ತಿರುಗಿದ್ದರೆ ಮಾಪಕಕ್ಕೆ ಅದರ ಸುಳಿವೇ ಇರುವುದಿಲ್ಲ. ಬಾವುಟಗಳು ದಾರಿಯುದ್ದಕ್ಕೂ ಇರುತ್ತವೆ. ಆದರೆ ಗಾಳಿ ಬದಲಾದ ಮೇಲೆ ಬಟ್ಟೆ ತಿರುಗಲು ಒಂದು ಕ್ಷಣ ಬೇಕು, ಬಟ್ಟೆ ಭಾರವಿದ್ದಷ್ಟೂ ತಡ.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಝಳದ ಮೇಲೆ. ದುರ್ಬೀನಿನ ಫೋಕಸ್ಸನ್ನು ಗುರಿಯಿಂದ ತುಸು ಈಚೆಗೆ ತಂದರೆ ನಡುಬಯಲಿನ ಬಿಸಿಗಾಳಿ ಎಳೆಎಳೆಯಾಗಿ ಕಾಣತೊಡಗುತ್ತದೆ. ಗಾಳಿ ಸಣ್ಣಗಿದ್ದರೆ ಎಳೆಗಳು ಒಂದು ಮಗ್ಗುಲಿಗೆ ವಾಲುತ್ತವೆ, ಜೋರಾದಂತೆ ಮಲಗಿ ಅಡ್ಡಕ್ಕೆ ಹರಿಯುತ್ತವೆ. ನೆಟ್ಟಗೆ ಮೇಲಕ್ಕೆ ಎದ್ದವೆಂದರೆ ಹೊಸಬರು ಗಾಳಿ ನಿಂತಿತೆಂದು ಖುಷಿಪಡುತ್ತಾರೆ. ಅನುಭವಿಗಳು ಆಗಲೇ ಬೆರಳು ಬಿಗಿಹಿಡಿಯುತ್ತಾರೆ, ಏಕೆಂದರೆ ಗಾಳಿ ದಿಕ್ಕು ಬದಲಿಸುವ ಹೊತ್ತಿನಲ್ಲೂ, ಗುಂಡಿನ ದಾರಿಯುದ್ದಕ್ಕೇ ಬೀಸುವಾಗಲೂ ಝಳ ಹಾಗೆಯೇ ಏಳುತ್ತದೆ. ಇದಕ್ಕೂ ಮಿತಿಯಿದೆ. ಗಾಳಿ ಗಂಟೆಗೆ 20 ಕಿ.ಮೀ. ಆಸುಪಾಸು ಮುಟ್ಟಿದರೆ ಎಳೆಗಳು ಪೂರ್ತಿ ಮಲಗಿಬಿಡುತ್ತವೆ, ಮುಂದಿನ ಹೆಚ್ಚುಕಡಿಮೆ ತಿಳಿಯುವುದಿಲ್ಲ. ಮೋಡ ಮುಸುಕಿದ ದಿನ ಝಳ ಹೆಚ್ಚಾಗಿ ಕಾಣುವುದಿಲ್ಲ.

ಇಂಡಿ, ಸಿಂದಗಿ ಕಡೆಯ ಕಣಗಳಲ್ಲಿ ರಾಶಿ ತೂರಿದವರಿಗೆ ಈ ವಿದ್ಯೆಯ ಅರ್ಧ ಗೊತ್ತಿತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದೇ ಕಣದಲ್ಲಿ. ಎತ್ತಿ ಹಿಡಿದ ಬುಟ್ಟಿಯಿಂದ ಕಾಳು ನೆಟ್ಟಗೆ ಬೀಳುತ್ತದೆ, ಜೊಳ್ಳು ಮಾರು ದೂರ ಸರಿಯುತ್ತದೆ, ಹೊಟ್ಟು ಅದರಾಚೆ. ಗಾಳಿ ಸಡಿಲಾದರೆ ಕೈ ನಿಲ್ಲುತ್ತಿತ್ತು. ಮತ್ತೆ ಅದೇ ಹದ ಬರುವವರೆಗೆ ಕಾಯುವುದನ್ನು ಯಾರೂ ಹೊತ್ತು ಹಾಳೆಂದು ತಿಳಿಯಲಿಲ್ಲ. ಆದರೆ ತೂರುವವರು ಓದಿದ್ದು ಮೈಗೆ ತಾಗಿದ ಗಾಳಿಯನ್ನು. ಶೂಟರ್ ಓದಬೇಕಾದದ್ದು ತನ್ನ ಮೈಗೆ ತಾಗದ, ಅರ್ಧ ಮೈಲಿ ಆಚೆಯ ಗಾಳಿಯನ್ನೂ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಕಾಯುವ ಗುಣ ಮಾತ್ರ ಹಾಗೆಯೇ ಎರವಲು ತರಬಹುದು. ಒಂದು ಸ್ಥಿತಿ ಆರಿಸಿಕೊಂಡು ಅದು ಮರಳಿದಾಗಲೇ ಹೊಡೆಯುವವರು, ಪ್ರತಿ ಬದಲಾವಣೆಯ ಬೆನ್ನು ಹತ್ತಿ ಸೈಟ್ ತಿರುಗಿಸುವವರಿಗಿಂತ ಕಡಿಮೆ ಮೋಸಹೋಗುತ್ತಾರೆ. ಪಂದ್ಯದ ಗಡಿಯಾರ ಅಷ್ಟು ಕಾಯಲು ಬಿಡದಿದ್ದಾಗ ಮಾತ್ರ ಬೆನ್ನು ಹತ್ತುವುದು ಅನಿವಾರ್ಯ.

ನಮ್ಮ ಮಕ್ಕಳಿಗೆ ಗಾಳಿ ತಡವಾಗಿ ಸಿಗಲು ಕಾರಣವೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ .22 ರೈಫಲ್‌ಗೆ ಲೈಸೆನ್ಸ್ ಬೇಕು, ಬಯಲು ರೇಂಜ್ ಬೇಕು. ಏರ್ ರೈಫಲ್‌ಗೆ 10 ಮೀಟರಿನ ಕೋಣೆ ಸಾಕು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ 400ಕ್ಕೆ 400 ಹೊಡೆದದ್ದು, ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ ಚಿನ್ನ ಗೆದ್ದದ್ದು ಏರ್ ರೈಫಲ್‌ನಲ್ಲೇ. ಅದು ದೊಡ್ಡ ಸಾಧನೆ, ಅಲ್ಲಿ ಗಾಳಿಯ ಪ್ರಶ್ನೆ ಮಾತ್ರ ಏಳುವುದಿಲ್ಲ. 50 ಮೀಟರಿಗೆ ಹೋದರೆ ಏಳುತ್ತದೆ. ಅಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ., ಗಂಟೆಗೆ 16 ಕಿ.ಮೀ. ಅಡ್ಡಗಾಳಿ .22 ಗುಂಡನ್ನು ಅದರ ಎರಡು ಪಟ್ಟಿಗೂ ಹೆಚ್ಚು ಸರಿಸುತ್ತದೆ. 10 ಮತ್ತು 30 ಮೀಟರಿನಲ್ಲಿ ಗಾಳಿಬಾವುಟ ಇರಬೇಕೆಂದು ನಿಯಮವೇ ಇದೆ. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆ ಈ ದೂರದಲ್ಲಿ ಇಬ್ಬರನ್ನು ಕೊಟ್ಟಿದೆ. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್‌ (ಮಲಗಿ ಹೊಡೆಯುವ) ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು. ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ತಂದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದೇ ಮೊದಲ ಒಲಿಂಪಿಕ್ ಪದಕ.

ವಿಜಯಪುರ ಜಿಲ್ಲೆಯಲ್ಲಿ ಏರ್ ರೈಫಲ್ ಹಿಡಿದ ಮಕ್ಕಳನ್ನು ವಾರಕ್ಕೊಮ್ಮೆ ಕೋಣೆಯಿಂದ ಬಯಲಿಗೆ ಕರೆತರಬೇಕು, ರೈಫಲ್ ಇಲ್ಲದೆ. ಹೊಲದ ಬದುವಿನುದ್ದಕ್ಕೂ ಬಟ್ಟೆಪಟ್ಟಿ ನೆಟ್ಟು, ದುರ್ಬೀನಿನಲ್ಲಿ ಝಳ ನೋಡಿ, ದಿಕ್ಕು-ವೇಗದ ಅಂದಾಜನ್ನು ಮೊದಲು ಬರೆದಿಡಬೇಕು. ದೂರದ ಪಟ್ಟಿಯ ಬಳಿ ಮಾಪಕ ಹಿಡಿದು ನಿಂತ ಜೊತೆಗಾರ ಆಮೇಲೆ ಫೋನಿನಲ್ಲಿ ನಿಜವಾದ ಅಂಕಿ ಹೇಳಲಿ. ಮಾಪಕದ ಸರಿಯಾದ ಉಪಯೋಗ ಇದು. ಮಾರ್ಚಿನ ಬಿಸಿಲಲ್ಲಿ ಮಾತ್ರವಲ್ಲ, ಝಳ ಕಾಣದ ಮುಂಗಾರಿನ ದಿನಗಳಲ್ಲೂ ಇದು ನಡೆಯಬೇಕು. ಆಗ ನೋಡಲು ಹುಲ್ಲಿದೆ, ಬೆಳೆಯ ತುದಿಯಿದೆ.