ಪಾತಿಗೆ ಹಿಡಿಯುವ ಮಳೆ, ಹಿಡಿಯದ ಮಳೆ

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ನೈರುತ್ಯ ಭಾಗದಲ್ಲಿ, ವಿಶ್ವವಿದ್ಯಾಲಯದ ಪಕ್ಕದಲ್ಲೇ ಹಾದುಹೋಗುವ 12ನೇ ಅವೆನ್ಯೂದಲ್ಲಿ 2005ರಲ್ಲಿ ಸಾಲಾಗಿ ನಾಲ್ಕು ಪಾತಿಗಳನ್ನು ಕಟ್ಟಿದರು. ಫುಟ್‌ಪಾತಿಗೂ ವಾಹನ ನಿಲ್ಲಿಸುವ ಜಾಗಕ್ಕೂ ನಡುವೆ ಇರುವ ಇವು ಒಂದೊಂದೂ ಸುಮಾರು 18 ಅಡಿ ಉದ್ದ, 5 ಅಡಿ ಅಗಲ. ಸುತ್ತ ಕಾಂಕ್ರೀಟ್ ಕಟ್ಟೆ, ಒಳಗೆ ಒತ್ತಾಗಿ ಬೆಳೆದ ಜೊಂಡು, ನಡುವೆ ಮರಗಳು. ರಸ್ತೆಯ ನೀರು ಅಂಚುಗಲ್ಲಿನ ಗುಂಟ ಹರಿದು ಬಂದು ಒಂದಡಿ ಅಗಲದ ಕಿಂಡಿಯಿಂದ ಮೊದಲ ಪಾತಿಗೆ ಇಳಿಯುತ್ತದೆ. ಅಲ್ಲಿ ಆರಂಗುಲದಷ್ಟು ನಿಂತು ಇಂಗುತ್ತದೆ. ಮಿಕ್ಕಿದ್ದು ಇನ್ನೊಂದು ಕಿಂಡಿಯಿಂದ ಹೊರಬಿದ್ದು ಮುಂದಿನ ಪಾತಿಗೆ ಹೋಗುತ್ತದೆ. ನಾಲ್ಕೂ ತುಂಬಿದ ಮೇಲಷ್ಟೇ ಚರಂಡಿಯ ಸರದಿ. ಸುಮಾರು 8,000 ಚದರಡಿ ರಸ್ತೆಯ ಮೇಲೆ ವರ್ಷವಿಡೀ ಬೀಳುವ ನೀರು, ಅಂದರೆ ಹತ್ತಿರ ಹತ್ತಿರ 6.8 ಲಕ್ಷ ಲೀಟರ್, ಬಹುಪಾಲು ಇಲ್ಲೇ ಇಂಗುತ್ತದೆಂದು ಅಂದಾಜು. ಇಷ್ಟು ಕಡಿಮೆ ಜಾಗದಲ್ಲಿ, ಪಂಪಿಲ್ಲದೆ, ಬರೀ ಇಳಿಜಾರನ್ನು ನೆಚ್ಚಿ ಇಷ್ಟು ಕೆಲಸ ಮಾಡುವ ವಿನ್ಯಾಸವನ್ನು ಮನಸಾರೆ ಮೆಚ್ಚಬೇಕು. ಆದರೆ ಇಂಥ ಪಾತಿಗಳನ್ನು ನೆರೆಗೆ ಮದ್ದೆಂದು ನಗರಗಳಿಗೆ ಶಿಫಾರಸು ಮಾಡುವುದನ್ನು ಒಪ್ಪಲಾಗದು. ಅವು ಸಣ್ಣ ಮಳೆಯ ಸಾಧನ. ಅವುಗಳ ಬೆಲೆ ಕಟ್ಟಬೇಕಾದದ್ದೂ ಆ ಅಳತೆಯಲ್ಲೇ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಪೋರ್ಟ್‌ಲ್ಯಾಂಡಿನಲ್ಲಿ ವರ್ಷಕ್ಕೆ ಸುಮಾರು 920 ಮಿಲಿಮೀಟರ್ ಮಳೆಯಾದರೆ ಬೆಂಗಳೂರಿನಲ್ಲಿ ಸುಮಾರು 970. ಮೊತ್ತ ಹೆಚ್ಚುಕಡಿಮೆ ಒಂದೇ, ಸುರಿಯುವ ರೀತಿ ಮಾತ್ರ ಬೇರೆ. ಅಲ್ಲಿ ಚಳಿಗಾಲದುದ್ದಕ್ಕೂ ಜಿಟಿಜಿಟಿ. ಇಲ್ಲಿ ಮೇ ತಿಂಗಳ ಒಂದು ಸಂಜೆ, ಸೆಪ್ಟೆಂಬರಿನ ಒಂದು ರಾತ್ರಿ ಸುರಿದದ್ದೇ ವರ್ಷದ ದೊಡ್ಡ ಪಾಲಾಗಬಹುದು. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ಆ ನಾಲ್ಕು ಪಾತಿಗಳಲ್ಲಿ ಆರಂಗುಲ ನೀರು ನಿಂತರೆ ಹೆಚ್ಚೆಂದರೆ 5,000 ಲೀಟರ್. ಅಲ್ಲಿನ ಮಣ್ಣು ಗಂಟೆಗೆ ನಾಲ್ಕಂಗುಲ ಇಂಗಿಸುತ್ತದೆಂದರೆ ಇನ್ನೊಂದು 3,300 ಲೀಟರ್ ಸೇರುತ್ತದೆ. ಅದೇ ರಸ್ತೆಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ ಹರಿದು ಬರುವುದು 37,000 ಲೀಟರ್. ಪಾತಿಗಳಿಗೆ ದಕ್ಕುವುದು ಅದರ ಕಾಲು ಭಾಗಕ್ಕೂ ಕಡಿಮೆ. 25 ವರ್ಷಕ್ಕೊಮ್ಮೆ ಬರುವಂಥ ದೊಡ್ಡ ಮಳೆಯಲ್ಲೂ ಈ ಪಾತಿಗಳು ನೀರಿನ ರಭಸವನ್ನು ಕನಿಷ್ಠ ಶೇ 70ರಷ್ಟು ತಗ್ಗಿಸುತ್ತವೆಂದು ಪೋರ್ಟ್‌ಲ್ಯಾಂಡಿನ ಪರೀಕ್ಷೆಗಳು ತೋರಿಸಿವೆ, ನಿಜ. ಆದರೆ ಅದು ಅಲ್ಲಿನ ದೊಡ್ಡ ಮಳೆ. ಆ ಶೇಕಡಾವಾರನ್ನು ಇಲ್ಲಿಯ ಯೋಜನಾ ವರದಿಗೆ ಎತ್ತಿ ಹಾಕಿದರೆ ಓದುವವರಿಗೆ ತಪ್ಪು ಭರವಸೆ ಕೊಟ್ಟಂತೆ.

ಒಂದು ರಸ್ತೆಯಲ್ಲಲ್ಲ, ಸಾವಿರ ರಸ್ತೆಗಳಲ್ಲಿ ಕಟ್ಟಿ ನೋಡಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಪಾತಿಗಳ ಸಂಖ್ಯೆ ಹೆಚ್ಚಿದಂತೆ ಅವು ಸಂಭಾಳಿಸಬೇಕಾದ ರಸ್ತೆಯೂ ಅಷ್ಟೇ ಹೆಚ್ಚುತ್ತದೆ. ಎರಡರ ನಡುವಿನ ಪ್ರಮಾಣ ಬದಲಾಗುವುದಿಲ್ಲ. ಪೋರ್ಟ್‌ಲ್ಯಾಂಡ್ ಕೂಡ ಬರೀ ಪಾತಿಗಳನ್ನು ನಂಬಿ ಕೂರಲಿಲ್ಲ. ಅಲ್ಲಿ ಮಳೆನೀರೂ ಒಳಚರಂಡಿ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತಿದ್ದವು. ಮಳೆ ಜೋರಾದಾಗಲೆಲ್ಲ ಕೊಳಚೆ ಉಕ್ಕಿ ವಿಲಮೆಟ್ ನದಿಗೆ ಸೇರುತ್ತಿತ್ತು. ಅದನ್ನು ತಡೆಯಲು 1991ರಿಂದ 2011ರವರೆಗೆ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡಿದರು, ನದಿಯ ದಡದ ನೆಲದಾಳದಲ್ಲಿ 22 ಅಡಿ ವ್ಯಾಸದ ಸುರಂಗ ಕೊರೆದರು. ಪಾತಿಗಳು ಆ ವ್ಯವಸ್ಥೆಯ ಮೇಲಿನ ಹೊರೆಯನ್ನು ಇಳಿಸಿದವು. ಅದರ ಜಾಗವನ್ನು ತುಂಬಲಿಲ್ಲ. ಛಾಯಾಚಿತ್ರಗಳಲ್ಲಿ ಜೊಂಡು ಕಾಣುತ್ತದೆ, ಸುರಂಗ ಕಾಣುವುದಿಲ್ಲ. ಪಾತಿಯ ಬಗ್ಗೆ ಬರೆಯುವವರು ಸುರಂಗವನ್ನು ಮರೆಯುವುದಕ್ಕೆ ಇದೂ ಒಂದು ಕಾರಣವಿರಬೇಕು. ಬೆಂಗಳೂರಿನಲ್ಲಿ ಆ ಸುರಂಗದ ಜಾಗದಲ್ಲಿರುವುದು ರಾಜಕಾಲುವೆ ಮತ್ತು ಕೆರೆ. ಒತ್ತುವರಿಯಾದ ಕಾಲುವೆಯನ್ನು ಬಿಡಿಸದೆ, ಕೆರೆಯ ಹೂಳೆತ್ತದೆ ರಸ್ತೆಯಂಚಿನಲ್ಲಿ ಹಸಿರು ನೆಟ್ಟರೆ ತಗ್ಗಿನ ಬಡಾವಣೆಯ ಮನೆಗಳಿಗೆ ನೀರು ನುಗ್ಗುವುದು ನಿಲ್ಲುವುದಿಲ್ಲ.

ಹಾಗಾದರೆ ಇಲ್ಲಿ ಪಾತಿ ಬೇಡವೆ? ಬೇಕು, ಅದೂ ಬಹಳ ಬೇಕು, ಬೇರೆ ಕೆಲಸಕ್ಕೆ. ಬಿಸಿಲಿಗೆ ಒಣಗಿದ ರಸ್ತೆಯ ಮೇಲೆ ಮೊದಲು ಬೀಳುವ ಹತ್ತು ಮಿಲಿಮೀಟರ್ ಮಳೆ ಟಯರಿನ ಪುಡಿ, ಎಣ್ಣೆ, ಧೂಳನ್ನೆಲ್ಲ ತೊಳೆದು ನೇರ ಕೆರೆಗೆ ಒಯ್ಯುತ್ತದೆ. ವರ್ಷದ ಬಹುಪಾಲು ಮಳೆದಿನಗಳಲ್ಲಿ ಬೀಳುವುದೂ ಇಂಥ ಸಣ್ಣ ಮಳೆಯೇ. ಅದನ್ನು ಸೋಸಿ ನೆಲಕ್ಕಿಳಿಸುವುದರಲ್ಲಿ ಪಾತಿಯಷ್ಟು ಸರಳವಾದ ಸಾಧನ ಇನ್ನೊಂದಿಲ್ಲ. ಮನೆಗಳಿಗೆ ಮಳೆನೀರು ಸಂಗ್ರಹವನ್ನು 2009ರಲ್ಲೇ ಕಡ್ಡಾಯ ಮಾಡಿದ ಊರಿದು. ಚಾವಣಿಯ ನೀರಿಗೆ ತೋರಿದ ಕಾಳಜಿಯನ್ನು ರಸ್ತೆಯ ನೀರಿಗೂ ತೋರಿಸುವುದು ನ್ಯಾಯ. ಸೊಳ್ಳೆಯ ಭಯಕ್ಕೆ ಆಧಾರ ಕಡಿಮೆ: ಮೊಟ್ಟೆ ಸೊಳ್ಳೆಯಾಗಲು ವಾರದಷ್ಟು ಬೇಕು, ಸರಿಯಾಗಿ ಕಟ್ಟಿದ ಪಾತಿಯಲ್ಲಿ ನೀರು ನಿಲ್ಲುವುದು ಕೆಲವು ಗಂಟೆ. ಅಡಿಪಾಯಕ್ಕೆ ನೀರು ಜಿನುಗೀತೆಂಬ ಕಡೆ ತಳಕ್ಕೆ ನೀರು ಬಿಡದ ಹಾಳೆ ಹಾಸಿ, ಸೋಸಿದ ನೀರನ್ನು ಕೊಳವೆಯಿಂದ ಹೊರಬಿಡುವ ಬಗೆಯೂ ಇದೆ.

ಗಟ್ಟಿಯಾದ ಆಕ್ಷೇಪ ನಿರ್ವಹಣೆಯದು. ಒಂದಡಿಯ ಕಿಂಡಿಗೆ ಎಲೆಯ ರಾಶಿ, ಪ್ಲಾಸ್ಟಿಕ್ ಕವರು, ಕಟ್ಟಡದ ಮರಳು ಅಡ್ಡ ಕೂತರೆ ನೀರು ಪಾತಿಯನ್ನು ಮುಟ್ಟದೆ ಮುಂದೆ ಹೋಗುತ್ತದೆ. ಮೇಲ್ಮಣ್ಣಿನ ಮೇಲೆ ನುಣುಪು ಹೂಳು ಕಟ್ಟಿದರೆ ಇಂಗುವುದೇ ನಿಲ್ಲುತ್ತದೆ, ಆಗ ಸೊಳ್ಳೆಯ ಭಯವೂ ನಿಜವಾಗುತ್ತದೆ. ಬೆಂಗಳೂರಿನಲ್ಲಿ ಎಲೆ ಉದುರಿ ಮುಗಿಯುವ ಹೊತ್ತಿಗೇ ಮುಂಗಾರುಪೂರ್ವ ಮಳೆ ಶುರು. ಆದ್ದರಿಂದ ಇಲ್ಲಿ ಕಟ್ಟುವ ಪಾತಿಗೆ ಅಗಲವಾದ ಕಿಂಡಿ ಬೇಕು, ಕಿಂಡಿಯ ಒಳಬದಿಯಲ್ಲಿ ಸಲಿಕೆಯಿಂದ ಬಾಚಿ ತೆಗೆಯಬಹುದಾದ ಹೂಳುಗುಂಡಿ ಬೇಕು, ಬೇಸಿಗೆಯ ಒಣಹವೆಯನ್ನೂ ಮಳೆಗಾಲದ ನಿಂತ ನೀರನ್ನೂ ತಾಳುವ ಸ್ಥಳೀಯ ಹುಲ್ಲು ಬೇಕು. ಗುತ್ತಿಗೆ ಪತ್ರದಲ್ಲಿ ಕಟ್ಟುವ ವೆಚ್ಚದ ಜೊತೆಗೇ, ಮಾರ್ಚಿನಿಂದ ನವೆಂಬರಿನವರೆಗೆ ಅದನ್ನು ಶುಚಿ ಮಾಡುವ ಪೌರಕಾರ್ಮಿಕರ ಕೂಲಿಯನ್ನೂ ಬರೆದಿರಬೇಕು.