ಬೆವರು ಬತ್ತಿದ ಕುದುರೆ

ಮಳೆ ಹೋಯಿತು, ಗಾಳಿಯ ತೇವ ಹೋಗಲಿಲ್ಲ. ಲೋಕಲ್ ರೈಲು ದಾದರ್ ದಾಟುವಷ್ಟರಲ್ಲಿ ಅಂಗಿ ಬೆನ್ನಿಗಂಟುವ ಅಕ್ಟೋಬರ್ ಇದು. ಮುಂಬಯಿಯಲ್ಲಿ ಕುದುರೆ ಇಟ್ಟುಕೊಂಡವರು ಈ ತಿಂಗಳು ಮೊದಲು ನೋಡಬೇಕಾದ್ದು ಬೆವರನ್ನು.

ಹೋದ ವಾರ ಗೆಳೆಯರೊಬ್ಬರು ಸವಾರಿ ಮುಗಿಸಿ ತಮ್ಮ ಹೆಣ್ಣುಕುದುರೆಯ ಜೀನು ಇಳಿಸಿದರು. ಜೀನಿನಡಿ ಒದ್ದೆಯ ಗುರುತೇ ಇರಲಿಲ್ಲ. ಬೆನ್ನ ಮೇಲೆ ಕೈಯಾಡಿಸಿದೆ: ಕಾದ ಕಾವಲಿ. ರೋಮ ಒಣಒಣ, ಹೊಳ್ಳೆ ಅರಳಿಸಿ ಏದುಸಿರು. ತೇವವಿದ್ದದ್ದು ಅಯಾಲಿನ ಅಡಿ, ಕಿವಿಯ ಬುಡದಲ್ಲಿ ಮಾತ್ರ. "ಎಷ್ಟು ಪಳಗಿದೆ ನೋಡಿ, ಬೆವರೋದೇ ಇಲ್ಲ" ಎಂದರು ಗೆಳೆಯರು, ಹೆಮ್ಮೆಯಿಂದ!

ಅದು ರೋಗ, ಸ್ವಾಮಿ. ಥರೋಬ್ರೆಡ್ ತಳಿಯ ಕುದುರೆಗಳನ್ನು ಉಷ್ಣದೇಶಕ್ಕೆ ತಂದ ಬ್ರಿಟಿಷರು ಇದನ್ನು 'ಡ್ರೈ ಕೋಟ್' ಎಂದರು. ವೈದ್ಯರಿಗೆ ಇದು ಅನ್‌ಹೈಡ್ರೋಸಿಸ್. ಇಲ್ಲೇ ಹುಟ್ಟಿದ ಕುದುರೆಗೂ ಬರುತ್ತದೆ. ಖಚಿತವಾದ ಮದ್ದಿಲ್ಲ, ತಂಪು ಜಾಗವೇ ಮದ್ದು. ಮಹಾಲಕ್ಷ್ಮಿಯ ರೇಸ್ ಕುದುರೆಗಳು ಮಳೆಗಾಲದ ಪಂದ್ಯಗಳಿಗೆ ಪುಣೆಗೆ ಹೋಗುತ್ತವೆ; ಸವಾರಿ ಕುದುರೆಗೆ ಆ ಭಾಗ್ಯ ಎಲ್ಲಿ?

ಕುದುರೆ ಬಿಸಿಲಲ್ಲಿ ದುಡಿದರೆ ಗಂಟೆಗೆ 10ರಿಂದ 15 ಲೀಟರ್ ಬೆವರೀತು. ಅದರಲ್ಲಿ ನಮ್ಮ ಬೆವರಿಗಿಂತ ಉಪ್ಪು ಹೆಚ್ಚು. ಲ್ಯಾಥರಿನ್ ಎಂಬ ಪ್ರೋಟೀನೂ ಇದೆ. ಲಗಾಮು ಉಜ್ಜಿದಲ್ಲಿ ಸೋಪಿನಂತೆ ನೊರೆ ಏಳುವುದು ಅದರಿಂದಲೇ. ಬೆವರುವ ಕುದುರೆಯ ಬೇಯಿಸಿದ ಹುರುಳಿಗೆ ದಿನಕ್ಕೆ ಎರಡು ದೊಡ್ಡ ಚಮಚ ಅಡುಗೆ ಉಪ್ಪು ಹಾಕಿ. (ಕಟ್ಟು ನಿಮಗೆ, ಸಾರು ಮಾಡಿಕೊಳ್ಳಿ.) ಪಕ್ಕದಲ್ಲಿ ತುಂಬಿದ ಬಕೆಟ್ ಇರಲಿ.

ಬಿಸಿಯಾದ ಮೈಗೆ ತಣ್ಣೀರು ಹೊಯ್ದರೆ ಸ್ನಾಯು ಹಿಡಿಯುತ್ತದೆ ಎಂದು ಲಾಯದವರು ಇಂದಿಗೂ ಹೆದರುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಕೆಗೆ ಸಿದ್ಧವಾಗುವಾಗಲೇ ತಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದರು. ಗಾಳಿಯೇ ತೇವವಾಗಿರುವ ನಮ್ಮೂರಲ್ಲಿ ಬೆವರು ಆರುವುದು ನಿಧಾನ. ನೀರೇ ಶಾಖ ಒಯ್ಯಬೇಕು. ಮೈ ಪೂರಾ ಸುರಿಯಿರಿ, ನಿಲ್ಲಿಸದೆ ಸುರಿಯಿರಿ, ಜೊತೆಗೆ ಫ್ಯಾನ್ ಹಾಕಿ.

ಥರ್ಮಾಮೀಟರ್ ಇಲ್ಲದ ಲಾಯ ನನ್ನ ಲೆಕ್ಕದಲ್ಲಿ ಲಾಯವೇ ಅಲ್ಲ. ವಿಶ್ರಾಂತಿಯಲ್ಲಿರುವ ಕುದುರೆಗೆ 37.5ರಿಂದ 38.5 ಡಿಗ್ರಿ ಸಹಜ. ಸವಾರಿ ಮುಗಿದು ಅರ್ಧ ಗಂಟೆಯಾದರೂ 40ರ ಹತ್ತಿರವೇ ಇದ್ದರೆ, ಉಸಿರು ಇಳಿಯದಿದ್ದರೆ, ಒಂದು ಕೈಯಲ್ಲಿ ನೀರು ಹೊಯ್ಯುತ್ತ ಇನ್ನೊಂದರಲ್ಲಿ ವೈದ್ಯರಿಗೆ ಫೋನು ಮಾಡಿ.

ಗೆಳೆಯರ ಕುದುರೆಗೆ ಸದ್ಯ ಸವಾರಿ ಇಲ್ಲ. ಹಗಲೆಲ್ಲ ಫ್ಯಾನಿನ ಮುಂದೆ ನಿಂತು ಹುಲ್ಲು ಮೇಯುತ್ತಿದೆ.