ಸಿಂಬಿಯ ಮೇಲಿನ ಕಸೂತಿ

ದೋಣಿಮಲೈ ಎಂದರೆ ನಮಗೆ ಕಬ್ಬಿಣದ ಅದಿರು, ಕೆಂಧೂಳು. ಅದೇ ಸಂಡೂರು ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕೊಡ ಹೊರಲು ತಲೆಗಿಡುತ್ತಿದ್ದ ಸಿಂಬಿಯೂ ಕಲೆಯೇ. ಸುತ್ತ ಕವಡೆ, ಹಿಂದೆ ಇಳಿಬಿಟ್ಟ ಕಸೂತಿ ಬಟ್ಟೆ. ಕನ್ನಡಿಯ ಹೊಳಪಿಗಷ್ಟೇ ಮರುಳಾಗದೆ ಬಟ್ಟೆಯನ್ನು ತಿರುವಿ ನೋಡಬೇಕು. ಒತ್ತೊತ್ತಾದ ಹೊಲಿಗೆ ತುಂಡುಬಟ್ಟೆಗಳನ್ನು ಬಿಗಿದು ಗಟ್ಟಿ ಮಾಡಿರುತ್ತದೆ. ಅಂದ, ಬಾಳಿಕೆ ಎರಡೂ ಒಂದೇ ದಾರದ ಕೆಲಸ. ಮನೆಯಲ್ಲಿ ಹೆಣೆದ ಕ್ರೋಶಾ ಟೋಪಿಯನ್ನು ಬಲ್ಲವರಿಗೆ ಈ ಕೈಗಳ ಲೆಕ್ಕ ಬೇಗ ತಿಳಿದೀತು.

ಸಂಡೂರು ಕುಶಲ ಕಲಾ ಕೇಂದ್ರ ಈ ಸೂಜಿಗೆ ಮಾರುಕಟ್ಟೆ ತೋರಿಸಿತು. 2023ರ ಜುಲೈನಲ್ಲಿ, ಹಂಪಿಯ ಜಿ-20 ಸಭೆಯ ವೇಳೆ, 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸಂತೋಷವೇ. ಆದರೆ ಬಟ್ಟೆಯ ಅಂಚಿನಲ್ಲಿ ಹೊಲಿದವಳ ಹೆಸರೂ ಇರಬೇಕು. ಕಥೆಯ ಕೆಳಗೆ ನಮ್ಮ ಹೆಸರು ಬಿಟ್ಟುಹೋದರೆ ನಾವು ಸಂಪಾದಕರನ್ನು ಸುಮ್ಮನೆ ಬಿಡುತ್ತೇವೆಯೇ?